'ಗ್ರೆಪ್'ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತು ಸಂಜೆಯೊಳಗೆ ಬೇಕು)

ಹುಬ್ಬಳ್ಳಿಯಿಂದ:
ನಮಸ್ಕಾರ. ವಿದ್ಯಾನಗರದಲ್ಲಿ ಡಿಪ್ಲೊಮಾ ಹುಡುಗರಿಗೆ ಲಿನಕ್ಸ್ (ಕಂಪ್ಯೂಟರ್ ನಡೆಸುವ ಒಂದು ವ್ಯವಸ್ಥೆ) ಕಮ್ಮಟವಿದೆ. ಗೋಡೆಗೆ ಹಚ್ಚುವ ಹಾಳೆಯಲ್ಲಿ ಪ್ರತಿ ಕಮಾಂಡಿನ ಎದುರು ಒಂದು ಸಾಲು ಕನ್ನಡ ಹಾಕುತ್ತಿದ್ದೇವೆ. ಫೈಲಿನಲ್ಲಿ ಬೇಕಾದ ಸಾಲು ಹುಡುಕುವ 'ಗ್ರೆಪ್' ಕಮಾಂಡಿನ ಹತ್ತಿರ ಸಿಕ್ಕಿಬಿದ್ದಿದ್ದೇನೆ. ಅದಕ್ಕೆ ಕೊಡುವ 'ರೆಗ್ಯುಲರ್ ಎಕ್ಸ್‌ಪ್ರೆಶನ್'ಗೆ (ಹುಡುಕಬೇಕಾದ್ದು ಹೇಗಿರಬೇಕು ಅಂತ ಹೇಳುವ ಮಾದರಿ) ಯಾರೋ 'ನಿಯಮಿತ ಅಭಿವ್ಯಕ್ತಿ' ಅಂತ ಬರೆದುಕೊಟ್ಟಿದ್ದಾರೆ. ಕವಿಗೋಷ್ಠಿಯ ಹೆಸರಿನ ಹಾಗಿದೆ. ಪ್ರೆಸ್ಸಿನವರು ಆರು ಗಂಟೆಗೆ ಫೈಲ್ ಕೇಳಿದ್ದಾರೆ.

ಧಾರವಾಡದಿಂದ:
ಅದನ್ನು ಮೊದಲು ತೆಗೆಯಿರಿ. 'ಸೋಸು' ಹಾಕಿ. 'ಹುಡುಕು' ಸಾಲದು. ಗ್ರೆಪ್ ಫೈಲನ್ನು ಸಾಲುಸಾಲಾಗಿ ನೋಡಿ, ಹೊಂದಿದ ಸಾಲನ್ನಷ್ಟೇ ತೋರಿಸುತ್ತದೆ. ಕಮಾಂಡಿನ ಜೊತೆ 'ಮೈನಸ್ ವಿ' ಕೊಟ್ಟರೆ ಉಲ್ಟಾ, ಹೊಂದದ ಸಾಲುಗಳು ಬರುತ್ತವೆ. ಮೆಂತೆ ಪಲ್ಲೆ ಸೋಸುವಾಗ ಎಲೆ ಒಂದು ಕಡೆ, ದಂಟು ಒಂದು ಕಡೆ ಹೋಗುತ್ತದಲ್ವಾ, ಹಾಗೆ. ಹೆಸರಿನ ಮೂಲ ಬೇಕಿದ್ದರೆ, 'ಎಡ್' ಎಂಬ ಹಳೆಯ ಪಠ್ಯ ಎಡಿಟರಿನ 'ಜಿ/ಆರ್‌ಇ/ಪಿ' ಆಜ್ಞೆ ('ಆರ್‌ಇ' ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್): ಇಡೀ ಫೈಲಿನಲ್ಲಿ, ಈ ನಮೂನೆಯ ಸಾಲು ಸಿಕ್ಕಲ್ಲೆಲ್ಲ, ತೋರಿಸು. 1973ರಲ್ಲಿ, ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಅದನ್ನೇ ಬೇರೆ ಕಮಾಂಡ್ ಮಾಡಿದರು. ಹಾಗಾಗಿ 'ನಮೂನೆ ಸೋಸು'. ಮುಗೀತು.

ಹಾವೇರಿಯಿಂದ:
ಮುಗಿದಿಲ್ಲ. 'ನಮೂನೆ' ಪಾರ್ಸಿ. 'ಪಡಿಯಚ್ಚು' ಎಂಬ ಕನ್ನಡದ್ದೇ ಪದ ಇರುವಾಗ ಸಾಲ ಯಾಕೆ?

ಧಾರವಾಡದಿಂದ:
'ದವಾಖಾನೆ' ಬಿಟ್ಟು ಎಲ್ಲಿ ಔಷಧ ತಗೊಳ್ತೀರಿ? 'ಅರ್ಜಿ' ಬಿಟ್ಟು ಏನು ಕೊಡ್ತೀರಿ? 'ಇದೆಂಥಾ ನಮೂನಿ' ಅಂತ ಸಂತೆಯಲ್ಲಿ ದಿನಾ ಕೇಳುವ ಮಾತು. ಅದಕ್ಕೆ ಈಗ ಪಾಸ್‌ಪೋರ್ಟ್ ಕೇಳಬೇಡಿ.

ಹಾವೇರಿಯಿಂದ:
ಸಂತೆಯ ಮಾತೇ ಅಳತೆಗೋಲಾದರೆ 'ಗ್ರೆಪ್' ಅಂತಲೇ ಬಿಡಿ. ಈ ಪದಚರ್ಚೆ ಸುಮ್ನೆ ಯಾಕೆ?

ಗದಗದಿಂದ:
ಇಬ್ಬರೂ ನಿಲ್ಲಿಸಿ. ಹಾಳೆಯಲ್ಲಿ, ನಮೂನೆಯೊಳಗೆ ಹಾಕುವ ಚುಕ್ಕಿಗೆ 'ಚುಕ್ಕಿ ಅಂದರೆ ಯಾವುದಾದರೂ ಒಂದು ಅಕ್ಷರ' ಅಂತ ಬರೆದಿದ್ದರೆ ಅದು ತಪ್ಪು. ಇದು ಪದದ ಜಗಳಕ್ಕಿಂತ ದೊಡ್ಡದು. ಯೂನಿಕೋಡಿನಲ್ಲಿ (ಕಂಪ್ಯೂಟರಿಗೆ ಅಕ್ಷರಗಳನ್ನು ಸಂಕೇತಗಳಾಗಿ ಕೊಡುವ ಪದ್ಧತಿ) 'ಕ್ಷ' ಒಂದಲ್ಲ, ಮೂರು ಸಂಕೇತ: ಕ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಷ. 'ಅ.ರ' ಕೊಟ್ಟರೆ 'ಅಕ್ಷರ' ಸಿಗುವುದಿಲ್ಲ, 'ಅ...ರ' ಕೊಟ್ಟರೆ ಸಿಗುತ್ತದೆ. ಕನ್ನಡ ಫೈಲ್ ಇಟ್ಟುಕೊಂಡು ಕೂತ ಹುಡುಗ ಅಲ್ಲೇ ತಲೆ ಕೆರೆದುಕೊಳ್ಳುತ್ತಾನೆ. 'ಚುಕ್ಕಿ: ಯಾವುದಾದರೂ ಒಂದು ಸಂಕೇತ' ಅಂತ ಮಾಡಿ. ದೊಡ್ಡ-ಸಣ್ಣ ಅಕ್ಷರದ ಭೇದ ನೋಡಬೇಡ ಅನ್ನುವ 'ಮೈನಸ್ ಐ' ಸಾಲಿಗೆ 'ಇಂಗ್ಲಿಷಿನ ದೊಡ್ಡ-ಸಣ್ಣ ಅಕ್ಷರಕ್ಕೆ' ಅಂತ ಸೇರಿಸಿ, ಕನ್ನಡದಲ್ಲಿ ಆ ಭೇದವೇ ಇಲ್ಲ.

ಹಾವೇರಿಯಿಂದ:
'ಸಂಕೇತ' ಸಂಸ್ಕೃತ. 'ಗುರುತು' ಅನ್ನಿ.

ಹುಬ್ಬಳ್ಳಿಯಿಂದ:
ಗದಗದ ಸರ್‌ಗೆ ಥ್ಯಾಂಕ್ಸ್, ಚುಕ್ಕಿಯ ಸಾಲು ತಿದ್ದಿದೆ. ಪ್ರೆಸ್ಸಿಗೆ ಹೋದದ್ದು ಇದು: 'ಗ್ರೆಪ್: ಕೊಟ್ಟ ನಮೂನೆಗೆ ಹೊಂದುವ ಸಾಲುಗಳನ್ನು ಸೋಸಿ ತೋರಿಸುತ್ತದೆ.' 'ಪಡಿಯಚ್ಚು' ಹಾಕಿದರೆ ಇಡ್ಲಿ ತಟ್ಟೆಯೇನ್ರೀ ಅಂತ ಪ್ರೆಸ್ಸಿನವರೇ ಕೇಳಿದರು.