‘ಮನಿ ಮಂದಿ’ ಗ್ರೂಪಿನ್ಯಾಗ ಎತ್ತಿನ ಬಂಡಿ

ಶಿವು (ಹಲವು ಬಾರಿ ಫಾರ್ವರ್ಡ್ ಆಗಿದೆ): ಎಚ್ಚರ!! ನಾಳೆಯಿಂದ ಮಧ್ಯಾಹ್ನ ಎತ್ತಿನ ಬಂಡಿ ಹೂಡಿದರೆ 50,000 ದಂಡ, 5 ವರ್ಷ ಜೈಲು. ಎಲ್ಲಾ ಗ್ರೂಪಿಗೂ ಕಳಿಸಿ.

ಶಿವು: ಬಡವರ ಹೊಟ್ಟಿ ಮ್ಯಾಲ ಹೊಡಿಯೋದಂದ್ರ ಇದ ನೋಡ್ರಿ

ವಕೀಲ ಅಕ್ಕ: ಎಲ್ಲಿಂದ ತಂದಿ? ಆದೇಶದ ನಂಬರ್, ತಾರೀಖು?

ಶಿವು: ನನಗ ಬಂತು, ಹಾಕಿದೆ

ವಕೀಲ ಅಕ್ಕ: ಹೋದ ತಿಂಗಳು ರೇಷನ್ ಕಾರ್ಡ್ ರದ್ದು ಅಂತ ಹಾಕಿದ್ದಿ. ಅವ್ವ ಎರಡು ರಾತ್ರಿ ನಿದ್ದಿ ಮಾಡಲಿಲ್ಲ.

ದೊಡ್ಡಪ್ಪ: (ಬಸವಣ್ಣನವರ ಫೋಟೋ, ಶುಭೋದಯ) ದನಕ್ಕ ಬಾಯಿಲ್ಲ. ಮನುಷ್ಯಾಗ ದಯಾ ಇದ್ರ ಕಾನೂನು ಯಾಕ ಬೇಕು?

ಅತ್ತಿ: ಜೋಡೆತ್ತು ಮಾರುವಾಗ ಈ ಮಾತು ಎಲ್ಲಿ ಹೋಗಿತ್ತಣ್ಣ

ದೊಡ್ಡಪ್ಪ: ಅದು ಇಲ್ಲಿ ಬ್ಯಾಡ ತಂಗಿ

ಪಶು ಡಾಕ್ಟರ್ ಕಾಕಾ: ನಿಯಮ ನಾಳಿಂದಲ್ಲ, 1965ರಿಂದ ಅದ. ಉಷ್ಣತೆ 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3 ಹೂಡಂಗಿಲ್ಲ. ದಿನಕ್ಕ 9 ತಾಸು, ಬಿಡುವಿಲ್ದ 5 ತಾಸಿನ ಮ್ಯಾಲ ದುಡಿಸಂಗಿಲ್ಲ. ರಾಯಚೂರಿನ ಬ್ಯಾಸಗಿಗೆ ಇದು ದಿನಾ ಅನ್ವಯ. ಜೊಲ್ಲು ಸುರಿಸಿ ಬಾಯಿ ತೆರದು ಏದುಸಿರು ಬಿಟ್ರ ನೊಗ ಇಳಿಸಿ, ನೆರಳಿಗೆ ಕಟ್ಟಿ, ಮೈಗೆ ನೀರು ಹಾಕ್ರಿ. ಇನ್ನ ಭಾರ. ಮುಂದ ಹೆಚ್ಚಾದ್ರ ಹೆಗಲು ಬಾಯ್ತದ, ಹಿಂದ ಹೆಚ್ಚಾದ್ರ ನೊಗ ಎದ್ದು ಕೊರಳ ಹಗ್ಗ ಬಿಗಿತದ. ತೂಕ ಸರಿ ಇದ್ರೂ ಹೇರಿದ್ದು ತಪ್ಪಿದ್ರ ಗಾಯ ಖಾತ್ರಿ.

ಮಲ್ಲು ಬೆಂಗಳೂರು: ಕಾರ ಹುಣ್ಣಿವಿ ನೆನಪಾತು ಕಾಕಾ! ಕೋಡಿಗೆ ಬಣ್ಣ, ಕಲ್ಲು ಎಳಿಯೋ ಎತ್ತು, ಸಿಳ್ಳಿ…

ಶಿವು: ಅದಕ್ಕೂ ಕೇಸ್ ಹಾಕ್ತಾಳ ಅಕ್ಕ 😂

ವಕೀಲ ಅಕ್ಕ: ಪ್ರಾಣಿ ಹಿಂಸೆ ತಡೆ ಕಾಯ್ದೆಗೆ 2017ರಾಗ ಕರ್ನಾಟಕ ಮಾಡಿದ ತಿದ್ದುಪಡಿಯಾಗ ಕಂಬಳ, ಎತ್ತಿನಗಾಡಿ ಓಟದ ಹೆಸರದ. ಕಲ್ಲಿನ ಹೆಸರಿಲ್ಲ. ನಗಬ್ಯಾಡ.

ವಕೀಲ ಅಕ್ಕ: ದಂಡ 1960ರ ಆ ಮೂಲ ಕಾಯ್ದೆಯಾಗ ಮೊದಲ ಸಲಕ್ಕ 10ರಿಂದ 50 ರೂಪಾಯಿ. 50,000 ಇದ್ದದ್ದು 2022ರ ತಿದ್ದುಪಡಿ ಕರಡಿನ್ಯಾಗ. ಹೊಡಿಯೋದು, ಅತಿ ಭಾರ ಹೇರೋದು ಪೊಲೀಸರು ತಾವಾಗಿ ತನಿಖೆ ಮಾಡೋ ಗುನ್ನೆ ಅಲ್ಲ, ಎನ್‌ಸಿ (ಎಫ್ಐಆರ್ ಇಲ್ಲದ ದೂರಿನ ದಾಖಲೆ) ಬರದು ಕೈ ತೊಳಕೊಂತಾರ. ಆದ್ರ ಅಂಥ ದಾಖಲೆ 15 ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು, ಹಳೇ ಸಿಆರ್‌ಪಿಸಿ ಬದಲಿ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆ 174ನೇ ಕಲಂ. ನಾವು ಕೇಳಬೇಕಾದ್ದು ಅದನ್ನ. ಈ ಕಾಯ್ದೆಯಾಗ ಕೇಸ್ ಹಾಕಾಕ 3 ತಿಂಗಳ ಮಿತಿ ಅದ, ಸ್ಟೇಷನ್, ನಗರಸಭೆ, ಪಶು ಆಸ್ಪತ್ರಿ ಮೂರೂ ‘ನಮ್ದಲ್ಲ’ ಅನ್ನೋದ್ರಾಗ ಮುಗಿತದ. ಬ್ಯಾರೆಯವರ ಎತ್ತಿನ ಕಾಲು ಬೇಕಂತ ಮುರದ್ರ ನ್ಯಾಯ ಸಂಹಿತೆ (ಹಳೇ ಐಪಿಸಿ ಬದಲಿ ಬಂದದ್ದು) 325ನೇ ಕಲಂ, ಆಗ ಎಫ್ಐಆರ್ ಮಾಡಲೇಬೇಕು.

ಮಲ್ಲು ಬೆಂಗಳೂರು: ಇಷ್ಟೆಲ್ಲಾ ಯಾರು ಓದ್ತಾರಕ್ಕ

ಅತ್ತಿ: ಜೋಡೆತ್ತಿನ ರೊಕ್ಕದಾಗ ನನಗ ಪಾಲು ಬರಲಿಲ್ಲ, ಅದನ್ನೂ ಓದ್ರಿ

ಪಶು ಡಾಕ್ಟರ್ ಕಾಕಾ: ಜಿಲ್ಲಾ ಪ್ರಾಣಿ ದಯಾ ಸಂಘಕ್ಕ ಡಿಸಿ ಸಾಹೇಬ್ರ ಅಧ್ಯಕ್ಷರು. ವರ್ಷದಾಗ ಎಷ್ಟು ಸಭೆ, ನಡಾವಳಿ ಕೊಡ್ರಿ ಅಂತ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಆರ್‌ಟಿಐ ಹಾಕ್ರಿ. ಅರ್ಜಿಯಾಗ ಒಂದ ವಿಷಯ ಇರಲಿ, 150 ಶಬ್ದದ ಒಳಗ. 30 ದಿನದಾಗ ಉತ್ತರ ಬರಲಿಲ್ಲಂದ್ರ ಮೇಲ್ಮನವಿ. ಗಂಜ್ ರಸ್ತೆದಾಗ ಮಧ್ಯಾಹ್ನ ಹೂಡೋ ಬಂಡಿ ಒಂದದ, ಅದರಿಂದ ಶುರು ಮಾಡೋಣು. ಫೋಟೋದ ಜೊತಿ ತಾರೀಖು, ಟೈಮು, ಜಾಗ ಇರಲಿ. ಯಾರು ಸಹಿ ಮಾಡ್ತೀರಿ?

(ಎಲ್ಲರಿಗೂ ನೀಲಿ ಟಿಕ್. 40 ನಿಮಿಷ.)

ದೊಡ್ಡಪ್ಪ: ಬಂಡಿ ಯಾರದು ಅಂತ ಮೊದಲ ತಿಳಕೊಳ್ರಿ. ನಮ್ಮ ಬೀಗರದು ಇದ್ರ ಬ್ಯಾಡ