ಅದು ಚಿರತೆ ಮರಿಯಲ್ಲ, ಬಾಲ ನೋಡಿ ಹೇಳುತ್ತಿದ್ದೇನೆ

ರಕ್ಷಿತ್, ನೀನು ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತುವಾಗ ತೆಗೆದ, ಚುಕ್ಕೆ ಪ್ರಾಣಿ ದಾರಿ ದಾಟುವ ವಿಡಿಯೋವನ್ನು ಈಗಷ್ಟೇ ನೋಡಿದೆ. ಬೆಳಗಿನಿಂದ ಈ ಗುಂಪಿನಲ್ಲಿ ‘ಚಿರತೆ ಮರಿ, ಚಿರತೆ ಮರಿ’ ಎಂದು ಒಂದೇ ಗದ್ದಲ. ಅತ್ತಿಗೆಯಂತೂ ಇಗ್ಗುತಪ್ಪನಿಗೆ ಹರಕೆ ಹೊತ್ತಾಗಿದೆ. ಅಣ್ಣ, ತಾಯಿ ಚಿರತೆ ಅಲ್ಲೇ ಇದ್ದಿದ್ದರೆ ಏನು ಗತಿ ಎಂದು ಕೇಳಿದ್ದೀಯ. ಟೈಪ್ ಮಾಡುತ್ತ ಕುಳಿತರೆ ಸಂಜೆಯಾಗುತ್ತದೆ, ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದವಾದರೂ ಪೂರ್ತಿ ಕೇಳಿ.

ಅದು ಚಿರತೆ ಮರಿಯಲ್ಲ. ಚಿರತೆ ಬೆಕ್ಕು. ಪೂರ್ತಿ ಬೆಳೆದ ಪ್ರಾಣಿ, ನಮ್ಮ ಅಡುಗೆಮನೆಯ ಬೆಕ್ಕಿನಷ್ಟೇ ಗಾತ್ರ, ಕಾಲು ಮಾತ್ರ ಸ್ವಲ್ಪ ಉದ್ದ. ಎಲ್ಲರೂ ಚುಕ್ಕೆ ನೋಡಿ ಮೋಸ ಹೋಗುತ್ತಾರೆ. ಚುಕ್ಕೆಯನ್ನು ಬಿಟ್ಟುಬಿಡಿ, ಮೊದಲು ಬಾಲ ನೋಡಿ, ಆಮೇಲೆ ಪಾದ. ಚಿರತೆಯ ಬಾಲ ಬಹಳ ಉದ್ದ, ದಪ್ಪ. ನಡೆಯುವಾಗ ತುದಿ ಮೇಲಕ್ಕೆ ಬಾಗಿ ಅಡಿಭಾಗದ ಬಿಳಿ ಕಾಣುತ್ತದೆ. ನಿನ್ನ ವಿಡಿಯೋದಲ್ಲಿರುವ ಬಾಲ ಮೈಯ ಅರ್ಧದಷ್ಟಿದೆ. ಇನ್ನು ಚಿರತೆ ಮರಿಯ ಪಾದಗಳು, ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನಂತೆ, ಮೈಗೆ ಹೊಂದದಷ್ಟು ದೊಡ್ಡವು. ಇದರ ಪಾದ ಚಿಕ್ಕದು, ತಲೆಯೂ ಚಿಕ್ಕದು. ಅಲ್ಲದೆ ಬೆಕ್ಕಿನ ಗಾತ್ರದ ಚಿರತೆ ಮರಿ ಹೀಗೆ ಒಂಟಿಯಾಗಿ, ಇಷ್ಟು ಧೈರ್ಯದಿಂದ ದಾರಿ ದಾಟುವುದಿಲ್ಲ.

ವಿಡಿಯೋದಲ್ಲಿ ಅದು ತಿರುಗಿ ನೋಡುತ್ತದಲ್ಲ, ಅಲ್ಲಿ ನಿಲ್ಲಿಸಿ ದೊಡ್ಡದು ಮಾಡಿ ನೋಡು. ಮೂಗಿನ ಪಕ್ಕದಿಂದ ಎರಡು ಬಿಳಿ ಗೆರೆಗಳು ಕಣ್ಣುಗಳ ನಡುವೆ ಹಾದು ಹಣೆಗೆ ಏರಿವೆ. ಮುಖ ತಿರುಗಿಸಿದಾಗ ಕಿವಿಯ ಹಿಂಬದಿ ಕಪ್ಪು, ನಡುವೆ ಒಂದು ಬಿಳಿ ಮಚ್ಚೆ. ಮೈಮೇಲಿನವು ಬಿಡಿ ಬಿಡಿ ಚುಕ್ಕೆಗಳು. ದೊಡ್ಡ ಚಿರತೆಗೆ ಇರುವುದು ಹೂವಿನ ಎಸಳು ಸುತ್ತಿಟ್ಟಂಥ ಉಂಗುರ. ಕಿವಿಯ ಮಚ್ಚೆಯೊಂದನ್ನೇ ನಂಬಬೇಡ, ಹುಲಿಗೂ ಇದೆ.

ಮಳೆ ಚೆನ್ನಾಗಿ ಬೀಳುವ ಕಾಡು, ಕಾಫಿ ತೋಟ, ತೊರೆಯ ಪಕ್ಕ, ಇವೇ ಅದರ ಜಾಗ. ನಮ್ಮ ಕಣದ ಪಕ್ಕದ ಸೌದೆ ರಾಶಿಯ ಮೇಲೆ ರಾತ್ರಿ ಕುಳಿತು ಇಲಿಗೆ ಹೊಂಚು ಹಾಕುವುದನ್ನು ನಾನೇ ನೋಡಿದ್ದೇನೆ. ಟಾರ್ಚ್ ಬಿಟ್ಟರೂ ಗಡಿಬಿಡಿಯಿಲ್ಲ, ನನ್ನನ್ನು ಒಮ್ಮೆ ನೋಡಿ ಮತ್ತೆ ರಾಶಿಯ ಸಂದಿಗೇ ಕಣ್ಣು. ಇಲಿ ಹಿಡಿಯುವವನು ಬಿಟ್ಟಿ ಬಂದರೆ ತೋಟದವನಿಗೆ ನಷ್ಟವೇನು? ಕೋಳಿಗೂಡಿನ ಬಾಗಿಲು ಭದ್ರವಾಗಿದ್ದರೆ ಸಾಕು.

ದೊಡ್ಡಮ್ಮ, ನೀವು ಕುಶಾಲನಗರದ ಗದ್ದೆಯಲ್ಲಿ ಕಂಡೆ ಎಂದದ್ದು ಬೇರೆ. ಚುಕ್ಕೆಯೇ ಇರಲಿಲ್ಲ, ಮಣ್ಣಿನ ಬಣ್ಣ, ಉದ್ದ ಕಾಲು, ಗಿಡ್ಡ ಬಾಲಕ್ಕೆ ಕಪ್ಪು ತುದಿ ಎಂದಿರಿ. ಅದು ಅಸಲಿ ಕಾಡುಬೆಕ್ಕು. ಅದಕ್ಕೆ ಬಯಲು, ಗದ್ದೆಯಂಚು, ಹುಲ್ಲುಗಾವಲು ಇಷ್ಟ, ಹಗಲಲ್ಲೂ ಓಡಾಡುತ್ತದೆ. ಕಿವಿಯ ತುದಿಯಲ್ಲಿ ಪುಟ್ಟ ಕಪ್ಪು ಕುಚ್ಚು ಇರುತ್ತದೆ, ಮುಂದಿನ ಸಲ ಗಮನಿಸಿ. ಇದೆರಡಕ್ಕಿಂತಲೂ ಚಿಕ್ಕದೊಂದು ಇದೆ, ತುಕ್ಕುಬಣ್ಣದ ಚುಕ್ಕೆಯದು, ಒಂದು, ಒಂದೂವರೆ ಕಿಲೋ ತೂಗಿದರೆ ಹೆಚ್ಚು. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ನನ್ನ ಕಣ್ಣಿಗಂತೂ ಬಿದ್ದಿಲ್ಲ.

ರಾತ್ರಿ ಹಲಸಿನ ಮರದಲ್ಲಿ ಕಣ್ಣು ಮಿಂಚಿತು ಎಂದು ಪ್ರತಿ ವರ್ಷ ಯಾರಾದರೂ ಬರೆಯುತ್ತೀರಿ. ಅದು ಹೆಚ್ಚಾಗಿ ಪುನುಗಿನ ಜಾತಿಯದು, ಬೆಕ್ಕಿನ ಕುಲವೇ ಅಲ್ಲ. ಚೂಪು ಮೂತಿ, ಗಿಡ್ಡ ಕಾಲು, ಮೈಯಷ್ಟೇ ಉದ್ದದ ಬಾಲ. ಕಂದು ಬಣ್ಣದ ಒಂದು ಬಗೆ ಪಶ್ಚಿಮ ಘಟ್ಟದಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕಲ್ಲಿನ ಮೇಲೆ ಕಾಫಿ ಬೀಜ ತುಂಬಿದ ಹಿಕ್ಕೆ ಕಂಡರೆ ಅದು ಇವರದೇ ಕೆಲಸ. ಪೇಟೆಯವರು ಅದನ್ನೇ ತೊಳೆದು ಹುರಿದು ದುಬಾರಿ ಕಾಫಿ ಮಾಡಿ ಕುಡಿಯುತ್ತಾರೆ. ನನಗೆ ನಮ್ಮ ರೋಬಸ್ಟಾವೇ ಸಾಕು. ಬೆಕ್ಕಿನ ಕುಲದ ಹಿಕ್ಕೆಯಲ್ಲಿ ಕೂದಲು, ಮೂಳೆಯ ಚೂರು ಸಿಗುತ್ತವೆ. ಕರಿಚಿರತೆ ಬೇರೆ ಜಾತಿಯೇ ಎಂದು ಕೇಳಿದವರಿಗೆ: ಅಲ್ಲ, ಚಿರತೆಯೇ, ಬಣ್ಣ ಮಾತ್ರ ಕಪ್ಪು. ಬಿಸಿಲು ಬಿದ್ದಾಗ ಉಂಗುರಗಳು ಒಳಗಿಂದ ಕಾಣುತ್ತವೆ.

ಈಗ ನಿಜವಾಗಿ ಹೇಳಬೇಕಾದದ್ದು. ತೋಟದಲ್ಲಿ ಕಳೆ ಹೊಡೆಯುವಾಗ ಪುಟ್ಟ ಚುಕ್ಕೆ ಮರಿಗಳು ಸಿಗುತ್ತವೆ. ಪಾಪ, ತಾಯಿ ಬಿಟ್ಟುಹೋಗಿದೆ ಎಂದು ಎತ್ತಿಕೊಂಡು ಬಂದು ಹಾಲು ಕುಡಿಸುತ್ತಾರೆ. ತಾಯಿ ಬಿಟ್ಟುಹೋಗಿರುವುದಿಲ್ಲ, ಬೇಟೆಗೆ ಹೋಗಿರುತ್ತದೆ, ಅಥವಾ ಜನರ ಸದ್ದಿಗೆ ಪೊದೆಯಲ್ಲಿ ಅಡಗಿರುತ್ತದೆ. ಆ ಸಾಲು ಬಿಟ್ಟು ಬೇರೆ ಕಡೆ ಕೆಲಸ ಮಾಡಿಸಿ. ತಾನೇ ಬಂದು ಕಚ್ಚಿಕೊಂಡು ಹೋಗುತ್ತದೆ. ಚಿರತೆಯದೋ ಬೆಕ್ಕಿನದೋ ಎಂಬ ಅನುಮಾನವಿದ್ದರೆ ಇನ್ನೂ ಬೇಗ ಅಲ್ಲಿಂದ ಹೊರಡಿ, ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮನೆಯಲ್ಲಿ ಸಾಕುವಂತಿಲ್ಲ.

ಅಣ್ಣ, ನಿನ್ನ ಪ್ರಶ್ನೆಗೆ: ದೊಡ್ಡ ಚಿರತೆ ಎದುರಾದರೆ ಓಡಬಾರದು, ಬೆನ್ನು ತೋರಿಸಬಾರದು, ಬಗ್ಗಬಾರದು, ಮಕ್ಕಳನ್ನು ಎತ್ತಿಕೊಂಡು, ಅದರ ಮೇಲೆ ಕಣ್ಣಿಟ್ಟು ನಿಧಾನವಾಗಿ ಹಿಂದೆ ಸರಿಯಬೇಕು. ಪೊನ್ನಂಪೇಟೆ, ಶ್ರೀಮಂಗಲದ ಕಡೆ ತೋಟಕ್ಕೆ ಹುಲಿಯೇ ಬರುತ್ತದೆ, ಅಲ್ಲಿ ಮುಂಜಾನೆ ಒಬ್ಬೊಬ್ಬರೇ ತಿರುಗಬೇಡಿ.

ರಕ್ಷಿತ್, ಕೆಸರಿನಲ್ಲಿ ಹೆಜ್ಜೆ ಇತ್ತು ಎಂದೆಯಲ್ಲ, ಆ ಫೋಟೋ ಹಾಕು. ನಾಲ್ಕು ಬೆರಳು, ಉಗುರಿನ ಗುರುತು ಇಲ್ಲದಿದ್ದರೆ ಬೆಕ್ಕಿನ ಕುಲ. ಉಗುರು ಮೂಡಿದ್ದರೆ ನಾಯಿ ಅಥವಾ ಕೆನ್ನಾಯಿ. ಐದು ಬೆರಳಿದ್ದರೆ ಪುನುಗು. ಗಾತ್ರ ತಿಳಿಯಲು ಪಕ್ಕದಲ್ಲಿ ಬೆಂಕಿಪೊಟ್ಟಣವನ್ನೋ ಪೆನ್ನನ್ನೋ ಇಟ್ಟು ತೆಗೆದದ್ದಿದ್ದರೆ ಅದನ್ನೇ ಕಳುಹಿಸು. ವಿಡಿಯೋವನ್ನು ಫೇಸ್‌ಬುಕ್‌ಗೆ ಹಾಕುವುದಾದರೆ ಜಾಗದ ಹೆಸರು ತೆಗೆದು ಹಾಕು.