ಚಿದಂಬರ ರಹಸ್ಯ ಅರ್ಧ ಓದಿದ್ದೇನೆ, ಪತ್ತೇದಾರ ಎಲ್ಲಿಗೆ ಹೋದ?

ಮಂಡ್ಯದ_ಹುಡುಗಿ:
ಚಿಕ್ಕಪ್ಪನ ಮನೆ ಅಟ್ಟದಲ್ಲಿ ತೇಜಸ್ವಿಯವರ ‘ಚಿದಂಬರ ರಹಸ್ಯ’ ಸಿಕ್ಕಿತು. ಬೈಂಡಿಂಗ್ ಬಿಟ್ಟುಹೋದ ಹಳೇ ಪ್ರತಿ. ನಡುವೆ ಯಾರೋ ಬಸ್ ಟಿಕೆಟ್ ಇಟ್ಟಿದ್ದಾರೆ, ಅವರೂ ಅಲ್ಲಿಗೇ ನಿಲ್ಲಿಸಿರಬೇಕು. ಶುರುವಿನಲ್ಲಿ ಮಜಾ ಬಂತು. ಕೆಸರೂರು ಅನ್ನೋ ಮಲೆನಾಡಿನ ಚಿಕ್ಕ ಊರು, ಏಲಕ್ಕಿ ಬೆಳೆ ಕುಸಿಯುತ್ತಿದೆ, ಜೋಗಿಹಾಳ್ ಅನ್ನೋ ವಿಜ್ಞಾನಿಯ ಸಾವಿನ ಬಗ್ಗೆ ಅನುಮಾನ, ತನಿಖೆಗೆ ಅಂತ ಗುಪ್ತಚರ ಇಲಾಖೆಯ ಅಂಗಡಿ ಬರುತ್ತಾನೆ. ಇನ್ನೇನು ಬೇಕು ಹೇಳಿ? ಆದರೆ ಅರ್ಧ ದಾಟಿದೆ, ಸುಳಿವು ಬರೋ ಕಡೆ ಬರೀ ಊರಿನ ಜನ ಬರುತ್ತಿದ್ದಾರೆ. ಒಬ್ಬರ ಜಗಳ, ಇನ್ನೊಬ್ಬರ ಪ್ರೇಮ, ಮತ್ತೊಬ್ಬರ ಗುಸುಗುಸು. ಪತ್ತೇದಾರಿ ಓದುವಾಗ ಯಾರ ಮೇಲೆ ಅನುಮಾನ ಅಂತ ಚೀಟಿಯಲ್ಲಿ ಬರೆದಿಡೋ ಚಟ ನನಗೆ. ಈ ಪುಸ್ತಕಕ್ಕೆ ಈಗಾಗಲೇ 14 ಹೆಸರಾಗಿದೆ. ಮುಂದುವರಿಸಲಾ, ಅಟ್ಟಕ್ಕೇ ವಾಪಸ್ ಹಾಕಲಾ? ಕೊನೆ ಮಾತ್ರ ಹೇಳಬೇಡಿ ದಯವಿಟ್ಟು.

ಹಳೇ_ಕನ್ನಡಕ:
ಚೀಟಿ ಹರಿದು ಹಾಕಿ ಮೊದಲು. ಪೇಟೆಯ ಪತ್ತೇದಾರಿಯಲ್ಲಿ ಯಾರೂ ಏನೂ ನೋಡಿರಲ್ಲ, ಅದಕ್ಕೇ ಸಿಗರೇಟಿನ ತುಂಡು, ಕೂದಲೆಳೆ ಹುಡುಕಬೇಕು. ಹಳ್ಳಿ ಕಡೆ ಎಲ್ಲರೂ ಎಲ್ಲಾ ನೋಡಿರುತ್ತಾರೆ, ಒಬ್ಬೊಬ್ಬರು ಒಂದೊಂದು ಥರ. ಅಲ್ಲಿ ಪತ್ತೇದಾರನ ಕಷ್ಟವೇ ಬೇರೆ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಒಂದು ಸಲ ದೇವಸ್ಥಾನದ ಬಾವಿಯ ಮೋಟಾರ್ ಕಾಣೆಯಾಯಿತು. ಸಂಜೆಯೊಳಗೆ ಐದು ಜನ ಕಳ್ಳರು ತಯಾರು! ಒಬ್ಬನ ಮನೆ ಮುಂದೆ ರಾತ್ರಿ ಜೀಪು ನಿಂತಿತ್ತಂತೆ, ಇನ್ನೊಬ್ಬ ಹೊಸ ಚಪ್ಪಲಿ ತಗೊಂಡಿದ್ದನಂತೆ. ನಮ್ಮಜ್ಜಿ ಅಂತೂ ಯಾರಿಗೆ ಎಷ್ಟಕ್ಕೆ ಮಾರಿದ್ದಾರೆ ಅಂತಾನೂ ಹೇಳಿಬಿಟ್ಟರು. ನಾಲ್ಕನೇ ದಿನ ಕಮಿಟಿಯವರೇ ಒಬ್ಬರು ಅದನ್ನು ವೈಂಡಿಂಗ್ ಮಾಡಿಸಿಕೊಂಡು ಬಸ್ಸಿನಲ್ಲಿ ಇಳಿದರು. ಯಾರಿಗೂ ಹೇಳಿರಲಿಲ್ಲ ಅಷ್ಟೇ. ಆದರೆ ಆ ನಾಲ್ಕು ದಿನದಲ್ಲಿ ಎರಡು ಮನೆಯವರು ಮಾತು ಬಿಟ್ಟಿದ್ದರು, ಇವತ್ತಿಗೂ ಆಡಲ್ಲ. ಕೆಸರೂರು ನನಗೆ ಥೇಟ್ ಹಂಗೇ ಅನಿಸಿತು. ಗುಸುಗುಸು ಅಂದಿರಲ್ಲ, ಅದನ್ನೇ ಹಿಡಿದು ಓದಿ, ಕಥೆ ನಡೆಸ್ತಿರೋದೇ ಅದು.

ಏಲಕ್ಕಿ_ತೋಟ:
ನಾನು ಸಕಲೇಶಪುರದ ಕಡೆಯವನು. ಕಾದಂಬರಿ ಬಂದಿದ್ದು 1985ರಲ್ಲಿ, ನಾನಾಗ ಸ್ಕೂಲಿಗೆ ಹೋಗ್ತಿದ್ದೆ. ಏಲಕ್ಕಿ ಕುಸಿತ ಕಥೆಗಾಗಿ ಹುಟ್ಟಿಸಿದ್ದಲ್ಲ ಮೇಡಂ. ಕಟ್ಟೆ ರೋಗ ಅಂತ ಇದೆ, ವೈರಸ್ಸು, ಗಿಡದ ರಸ ಹೀರೋ ಸಣ್ಣ ಹೇನು ಅದನ್ನ ಹರಡುತ್ತೆ. ಎಲೆ ಮೇಲೆ ನರದ ಉದ್ದಕ್ಕೂ ತಿಳಿ ಹಸಿರು ಗೆರೆ ಬಂತು ಅಂದರೆ ಮುಗೀತು, ಔಷಧಿ ಇಲ್ಲ, ಗಿಡ ಬುಡಸಮೇತ ಕಿತ್ತು ಸುಡಬೇಕು. ಆದರೆ ರೋಗ ಬಂದ ಮೊದಲ ವರ್ಷ ಕಾಯಿ ಇನ್ನೂ ಸ್ವಲ್ಪ ಸಿಗ್ತಿರುತ್ತೆ, ಅದನ್ನು ಕೀಳೋಕೆ ಯಾರಿಗೆ ಮನಸ್ಸು ಬರುತ್ತೆ? ಅಪ್ಪನೂ ಬಿಟ್ಟರು. ಪಕ್ಕದ ತೋಟದವರು ನಿಮ್ಮಿಂದ ಬಂತು ಅಂದರು, ನಾವು ಅವರಿಂದ ಬಂತು ಅಂದೆವು. ಹೇನಿಗೆ ಬೇಲಿ ಗೊತ್ತಾ? ಮೇಲಿಂದ ಅದೇ ಕಾಲಕ್ಕೆ ಗ್ವಾಟೆಮಾಲಾ ದೇಶದ ಏಲಕ್ಕಿ ಅರಬ್ಬರ ಮಾರುಕಟ್ಟೆಗೆ ನುಗ್ಗಿತ್ತು.

ತೇಜಸ್ವಿ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದವರು, ಇದನ್ನೆಲ್ಲ ಹತ್ತಿರದಿಂದ ಕಂಡವರು. ಇನ್ನೊಂದು ಮಾತು, ಊರಿನ ಸುತ್ತ ಹಬ್ಬಿರೋ ಲಂಟಾನದ ಮೇಲೆ ಒಂದು ಕಣ್ಣಿಡಿ. ಇಷ್ಟೇ ಹೇಳೋದು.

ನಾನೇ_ಓದಿದ್ದೆ:
ಲಂಟಾನ ಅಂದ್ರಲ್ಲ, ಬಾಯಿ ತುರಿಸ್ತಾ ಇದೆ. ಕೊನೇಲಿ ಆ

ಹಳೇ_ಕನ್ನಡಕ:
ಬಾಯಿ ಮುಚ್ರೀ ಸ್ವಾಮಿ! ಬೇಡ ಅಂತ ಮೊದಲೇ ಹೇಳಿದ್ದಾರೆ.

ನಾನೇ_ಓದಿದ್ದೆ:
ಸರಿ ಸರಿ, ತಪ್ಪಾಯ್ತು. ಗಿಡದ ಬಗ್ಗೆ ಮಾತ್ರ ಹೇಳ್ತೀನಿ. ಬ್ರಿಟಿಷರು ಹೂವು ಚಂದ ಇದೆ ಅಂತ ತೋಟಕ್ಕೆ ತಂದಿದ್ದು ಅದು, ಮೂಲ ಅಮೆರಿಕ ಖಂಡದ್ದು. ಹಕ್ಕಿ ಹಣ್ಣು ತಿಂದು ಬೀಜ ಹರಡಿ ಈಗ ಕಾಡೆಲ್ಲ ಅದೇ. ಮಳೆಗಾಲದಲ್ಲಿ ನೋಡಿದರೆ ಪಾಪದ್ದು ಅನಿಸುತ್ತೆ, ಫೆಬ್ರವರಿ ಮಾರ್ಚ್‌ನಲ್ಲಿ ನೋಡಬೇಕು ಅದನ್ನ.

ತುಂಗಾ_ತೀರ:
ಹೆಸರಿನ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ. ಚಿದಂಬರಂ ದೇವಸ್ಥಾನದಲ್ಲಿ ನಟರಾಜನ ಪಕ್ಕದಲ್ಲಿ ಒಂದು ಪರದೆ ಇದೆ. ಸರಿಸಿದರೆ ಒಳಗೆ ಮೂರ್ತಿ ಇಲ್ಲ, ಬಂಗಾರದ ಬಿಲ್ವದೆಲೆ ಮಾಲೆ ಇಳಿಬಿಟ್ಟಿರುತ್ತೆ, ಹಿಂದೆ ಬರೀ ಖಾಲಿ ಜಾಗ. ಆಕಾಶ ಲಿಂಗ ಅಂತಾರೆ. ನಾವು ಹೋದಾಗ ಅರೆನಿಮಿಷ ತೋರಿಸಿದರು, ನನ್ನ ಹಿಂದಿದ್ದ ಹುಡುಗ ಏನೂ ಕಾಣಲಿಲ್ಲ ಅಂತ ಅಳೋಕೆ ಶುರು ಮಾಡಿದ. ಈ ಹೆಸರಿಟ್ಟ ಪುಸ್ತಕದಲ್ಲಿ ಕೊನೇ ಪುಟಕ್ಕೆ ಕೊಲೆಗಾರನನ್ನು ಸಾಲಲ್ಲಿ ನಿಲ್ಲಿಸಿ ತೋರಿಸ್ತಾರೆ ಅಂತ ಕಾಯಬೇಡಿ. ಆದರೂ ಬಿಡಬೇಡಿ, 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೇ ಬಂದಿದ್ದು. ಪ್ರಶಸ್ತಿ ಬಂತು ಅಂತ ಓದಬೇಕಿಲ್ಲ, ಸುಮ್ನೆ ಹೇಳಿದೆ. ಅಂಗಡಿ ಪೇಚಿಗೆ ಸಿಕ್ಕೋದು ನೋಡೋಕೇ ಓದಬಹುದು. ಓಟ ಜಾಸ್ತಿ ಇರೋದು ಬೇಕು ಅಂದರೆ ಆಮೇಲೆ ‘ಜುಗಾರಿ ಕ್ರಾಸ್’ ಹಿಡಿಯಿರಿ, ಅದರಲ್ಲೂ ಏಲಕ್ಕಿ ಇದೆ, ಆದರೆ ಉಸಿರಾಡೋಕೆ ಬಿಡಲ್ಲ.

ಮಂಡ್ಯದ_ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಇನ್ನೊಂದು 40 ಪುಟ ಓದಿದೆ. ಸುಳಿವು ಹುಡುಕೋದು ಬಿಟ್ಟ ಮೇಲೆ ನಗು ಬರ್ತಿದೆ, ಮೊದಲು ಅದೇ ಜಾಗದಲ್ಲಿ ಸಿಟ್ಟು ಬರ್ತಿತ್ತು. ಚೀಟಿ ಹರಿಯಲಿಲ್ಲ, 15ನೇದು ಲಂಟಾನ ಅಂತ ಬರೆದಿದ್ದೇನೆ. ಮತ್ತೆ ಆ ಬಸ್ ಟಿಕೆಟ್ ಚಿಕ್ಕಪ್ಪಂದಲ್ಲವಂತೆ, ಚಿಕ್ಕಮ್ಮಂದು. ಏಲಕ್ಕಿ ಕಥೆ ಮುಂದೇನಾಯ್ತು ಅಂತ ಈಗ ಅವರೇ ನನ್ನ ಕೇಳ್ತಾ ಇದ್ದಾರೆ.